ಮೊದಲು ಸುದ್ದಿ, ಆಮೇಲೆ ಸಿನಿಮಾ

ಕೊಡಗಿನ ಸೋಮವಾರಪೇಟೆಯಲ್ಲಿ ನಮ್ಮದೊಂದು ಗುಂಪಿದೆ. ಎಲ್ಲರೂ ಅರವತ್ತು ದಾಟಿದವರು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೊತೆಗೆ ಪ್ರೈಮರಿ ಶಾಲೆಯ ಟೀಚರಕ್ಕ, ಮಿಲಿಟರಿಯಿಂದ ಬಂದ ಸುಬೇದಾರರು, ಬಸ್ಸಿನಲ್ಲಿ ಇಡೀ ಜಿಲ್ಲೆ ಸುತ್ತಿದ ಕಂಡಕ್ಟರಣ್ಣ, ಆಸ್ಪತ್ರೆಯಲ್ಲಿ ಔಷಧ ಕೊಡುತ್ತಿದ್ದ ಕಾಂಪೌಂಡರಣ್ಣ, ಶಾಂತಳ್ಳಿ ಕಡೆಯ ಒಬ್ಬರು ಬೆಳೆಗಾರರು ಮತ್ತು ಅವರ ಮನೆಯವರು. ಊರಲ್ಲಿ ನಮ್ಮನ್ನು ಮಾಡಿದ ಕೆಲಸದ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆಯುತ್ತೇನೆ.

ಈಗ ನಾವು ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಸೇರಿ ಹಳೆಯ ಕನ್ನಡ ಸಿನಿಮಾ ನೋಡುತ್ತೇವೆ. ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಸುದ್ದಿ ಹೇಳಿಕೊಳ್ಳುತ್ತೇವೆ. ಕೇಳೋಕೆ ಇಷ್ಟೇ. ಆದರೆ ಇದು ಒಂದು ಹದಕ್ಕೆ ಬರಲು ಒಂದಿಡೀ ಮಳೆಗಾಲ ಬೇಕಾಯಿತು. ನಮ್ಮ ವಯಸ್ಸಿನವರು ಬೇರೆ ಕಡೆ ಹೀಗೆ ಮಾಡಬೇಕು ಅಂದುಕೊಂಡಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಶುರುವಾದದ್ದು ಸಿನಿಮಾದಿಂದ ಅಲ್ಲ, ಕಾಂಪೌಂಡರಣ್ಣನ ಕಾಯಿಲೆಯಿಂದ. ಅವರ ಮಕ್ಕಳು ಬೆಂಗಳೂರಿನಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಜೂನ್ ಮಳೆಗೆ ಜ್ವರ ಬಂದು, ಕಫ ಕಟ್ಟಿ, ಮಡಿಕೇರಿಯ ಆಸ್ಪತ್ರೆ ಸೇರಿದರು. ನಮಗೆ ಗೊತ್ತಾದದ್ದು ಅವರು ವಾಪಸು ಬಂದ ಮೇಲೆ, ಅದೂ ಹಾಲು ಹಾಕುವ ಹುಡುಗನಿಂದ. ಆಗಲೂ ನಮ್ಮದೊಂದು ವಾಟ್ಸಾಪ್ ಗುಂಪಿತ್ತು. ಬೆಳಗಾದರೆ ಸಾಕು, ಹೂವು, ದೀಪ, ಸುಪ್ರಭಾತ, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಏನೇನು ವಾಸಿಯಾಗುತ್ತದೆ ಅನ್ನುವ ಸಲಹೆ. ಅಷ್ಟೊಂದು ಓಡಾಟದ ನಡುವೆ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ ಅನ್ನುವುದೇ ಯಾರಿಗೂ ಕಾಣಲಿಲ್ಲ.

ಟೀಚರಕ್ಕನಿಗೆ ಇದು ತುಂಬ ಬೇಜಾರಾಯಿತು. ‘ಅಮೆರಿಕದ ಚುನಾವಣೆ ಗೊತ್ತು, ಪಕ್ಕದ ಬೀದಿಯ ಜ್ವರ ಗೊತ್ತಿಲ್ಲ ಅಂದ್ರೆ ಹೇಗೆ?’ ಅಂತ ಕೇಳಿದರು. ಅವತ್ತೇ ಒಂದು ಕಟ್ಟಳೆ ಮಾಡಿಕೊಂಡೆವು. ಗುಂಪಿನಲ್ಲಿ ಬರೀ ನಮ್ಮ ಸುದ್ದಿ. ನಾವೇ ಕಂಡದ್ದು, ಕೇಳಿದ್ದು, ನಮ್ಮ ಮನೆಯಲ್ಲಿ ಆದದ್ದು. ಬೇರೆಯವರು ಕಳಿಸಿದ್ದನ್ನು ದಾಟಿಸುವ ಹಾಗಿಲ್ಲ. ಬೆಳಿಗ್ಗೆ ಒಂಬತ್ತರ ಒಳಗೆ ಎಲ್ಲರೂ ಒಂದೊಂದು ಮಾತು ಹಾಕಬೇಕು. ಹಾಕದವರಿಗೆ ಫೋನ್ ಮಾಡಬೇಕು. ಫೋನ್ ಎತ್ತದಿದ್ದರೆ ಹತ್ತಿರದವರು ಹೋಗಿ ನೋಡಬೇಕು.

ಮೊದಮೊದಲು ಎಲ್ಲರೂ ‘ವಿಶೇಷ ಏನಿಲ್ಲ’ ಅಂತಲೇ ಹಾಕುತ್ತಿದ್ದರು. ಸುದ್ದಿ ಅಂದರೆ ಏನೋ ದೊಡ್ಡದಾಗಿರಬೇಕು ಅನ್ನುವ ಸಂಕೋಚ. ಅದನ್ನು ಬಿಡಿಸಿದವರು ಶಾಂತಳ್ಳಿಯ ಬೆಳೆಗಾರರು. ತೋಟದವರಿಗೆ ಮಳೆ ಅಳೆಯುವ ಅಭ್ಯಾಸ ಇರುತ್ತದಲ್ವಾ? ಅವರು ಬೆಳಿಗ್ಗೆ ಎದ್ದು ಮಾಪಕ ನೋಡಿ ‘ನಿನ್ನೆ 4 ಇಂಚು’ ಅಂತ ಹಾಕಿದರು. ಅದಕ್ಕೆ ಸುಬೇದಾರರು ‘ನಮ್ಮಲ್ಲಿ ಇಷ್ಟಿಲ್ಲ, ಎರಡೂವರೆ ಇರಬಹುದು. ಬಾಳೆಗಿಡ ಮಲಗಿದೆ’ ಅಂದರು. ಕಂಡಕ್ಟರಣ್ಣ ‘ಮಾದಾಪುರ ರಸ್ತೆಗೆ ಮರ ಬಿದ್ದಿದೆ, ಮಡಿಕೇರಿಗೆ ಹೋಗುವವರು ಹನ್ನೊಂದರ ಮೇಲೆ ಹೊರಡಿ’ ಅಂತ ಸೇರಿಸಿದರು. ಅಲ್ಲಿಂದ ದಾರಿ ಸಿಕ್ಕಿತು. ಯಾರ ಗದ್ದೆಗೆ ಆನೆ ಇಳಿಯಿತು, ಯಾರ ತೋಟದಲ್ಲಿ ಕಾಯಿ ಉದುರುತ್ತಿದೆ, ಯಾರಿಗೆ ಕಣಿಲೆ (ಎಳೆ ಬಿದಿರು) ಸಿಕ್ಕಿತು, ಸೋಮವಾರದ ಸಂತೆಯಲ್ಲಿ ಒಣಮೀನು ಏನು ರೇಟು, 50 ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ವ್ಯಾಪಾರಿ ಎಷ್ಟು ಹೇಳಿದ, ಯಾರ ಮೊಮ್ಮಗಳು ಹಾಕಿಗೆ ಆಯ್ಕೆಯಾದಳು. ಇದನ್ನೆಲ್ಲ ಓದುವಾಗ ಆ ಮನೆ, ಆ ಅಂಗಳ, ಆ ಮನುಷ್ಯ ಕಣ್ಣೆದುರು ಬರುತ್ತಾರೆ. ಹೂವಿನ ಚಿತ್ರದಿಂದ ಇದು ಆಗುತ್ತಿರಲಿಲ್ಲ.

ಸಾವಿನ ಸುದ್ದಿಗೆ ಮಾತ್ರ ಬೇರೆ ಕಟ್ಟಳೆ. ಸುಬೇದಾರರು ಕೊಡವರು. ಅವರಲ್ಲಿ ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ‘ಆ ಗುಂಡು ಹಾರಿಸುವವರು ಮನೆಯವರೇ. ದಾರಿಯಲ್ಲಿ ಹೋಗುವವನು ಹಾರಿಸಲ್ಲ’ ಅಂದರು ಅವರು. ಆ ಮಾತು ನಮಗೆಲ್ಲ ಸರಿ ಕಂಡಿತು. ಮನೆಯವರ ಜೊತೆ ಮಾತಾಡದೆ ಯಾರೂ ಸಾವಿನ ಸುದ್ದಿ ಹಾಕುವುದಿಲ್ಲ. ಹಾಕುವುದಕ್ಕಿಂತ ಮುಂಚೆ ವಯಸ್ಸಾದವರಿಗೆ ಫೋನ್ ಮಾಡಿ, ‘ಕೂತಿದ್ದೀರಾ?’ ಅಂತ ಕೇಳಿ, ಬಾಯಿಂದಲೇ ಹೇಳುತ್ತೇವೆ.

ಗಾಳಿಸುದ್ದಿಯ ವಿಷಯವನ್ನೂ ಹೇಳಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆ ಇದು. ಅದಾದ ಮೇಲೆ ಆಗಸ್ಟ್ ಬಂತೆಂದರೆ ಎಲ್ಲರಿಗೂ ಜೀವ ಕೈಯಲ್ಲಿ. ಯಾವುದೋ ಊರಿನ ವಿಡಿಯೋಗೆ ಕೊಡಗಿನ ಹೆಸರು ಅಂಟಿಸಿ ಬಿಟ್ಟರೆ ಮುದುಕರಿಗೆ ರಾತ್ರಿ ನಿದ್ದೆ ಇಲ್ಲ. ನಾವು ಶುರುಮಾಡಿದ ವರ್ಷವೇ ಒಂದು ಸೇತುವೆ ಕೊಚ್ಚಿಹೋಯಿತು ಅನ್ನುವ ವಿಡಿಯೋ ಎಲ್ಲ ಕಡೆ ಓಡಾಡಿತು. ಆ ಸೇತುವೆ ಇರುವುದು ಬೆಳೆಗಾರರ ಮನೆಯಿಂದ ಕೂಗಳತೆಯಲ್ಲಿ. ಅವರು ಕೊಡೆ ಹಿಡಿದು ಹೋಗಿ, ಸೇತುವೆಯ ಮೇಲೇ ನಿಂತು ಫೋಟೋ ತೆಗೆದು ಹಾಕಿದರು. ಕೆಳಗೆ ಕೆಂಪು ನೀರು, ಮೇಲೆ ಗಟ್ಟಿಯಾಗಿರುವ ಸೇತುವೆ. ಆ ಫೋಟೋ ನಮ್ಮ ಮಕ್ಕಳ ಗುಂಪುಗಳಿಗೂ ಹೋಗಿ ಬೆಂಗಳೂರು, ದುಬೈಯಲ್ಲಿದ್ದವರೆಲ್ಲ ಉಸಿರುಬಿಟ್ಟರು.

ಸಿನಿಮಾ ಬಂದದ್ದು ಇದರ ಬೆನ್ನಿಗೆ. ಕಾಂಪೌಂಡರಣ್ಣ ಚೇತರಿಸಿಕೊಳ್ಳುತ್ತಿದ್ದರು. ಅವರನ್ನು ಒಬ್ಬರೇ ಬಿಡಬಾರದು ಅಂತ ಭಾನುವಾರ ನಮ್ಮ ಮನೆಗೆ ಕರೆದೆವು. ಸುಮ್ನೆ ಕೂತು ಎಷ್ಟು ಮಾತಾಡುವುದು? ಕಂಡಕ್ಟರಣ್ಣ ‘ಬಂಗಾರದ ಮನುಷ್ಯ ಹಾಕಿ ಅಕ್ಕ’ ಅಂದರು. ಅವರಿಗೆ 1972 ಅಂದರೆ ಆ ಸಿನಿಮಾ. ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಅದು ಎರಡು ವರ್ಷ ಓಡಿತ್ತು ಅನ್ನುವುದನ್ನು ತಮ್ಮ ಮನೆಯ ಸಂಗತಿ ಅನ್ನುವಷ್ಟು ಹೆಮ್ಮೆಯಿಂದ ಹೇಳುತ್ತಾರೆ.

ಸಿನಿಮಾ ಹಾಕುವ ಮೊದಲು ಟೀಚರಕ್ಕನಿಗೆ ಒಂದು ನೆನಪಾಯಿತು. ಆಗೆಲ್ಲ ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಬರುತ್ತಿತ್ತಲ್ಲ! ಸರ್ಕಾರ 1948ರಲ್ಲಿ ಶುರುಮಾಡಿದ ಸಂಸ್ಥೆ ಅದು. ಅದರ ಚಿತ್ರ ತೋರಿಸುವುದು ಥಿಯೇಟರುಗಳಿಗೆ ಕಡ್ಡಾಯವಾಗಿತ್ತು. ಎಲ್ಲೋ ಪ್ರವಾಹ, ಎಲ್ಲೋ ಅಣೆಕಟ್ಟೆ, ಪ್ರಧಾನಿಗೆ ಹಾರ, ಆಮೇಲೆ ಸಿನಿಮಾ. ‘ನಮ್ಮದೂ ಹಾಗೇ ಆಗಲಿ. ಮೊದಲು ಸುದ್ದಿ, ಆಮೇಲೆ ಸಿನಿಮಾ’ ಅಂದರು. ಅವತ್ತಿನಿಂದ ಅದೇ ಕ್ರಮ. ಒಬ್ಬೊಬ್ಬರೂ ವಾರದ ಸುದ್ದಿ ಹೇಳಬೇಕು. ಟೀಚರಕ್ಕ ಮಡಿಕೇರಿಯಿಂದ ಬರುವ ‘ಶಕ್ತಿ’ ಪತ್ರಿಕೆಯಲ್ಲಿ ಗುರುತು ಹಾಕಿಟ್ಟದ್ದನ್ನು ಗಟ್ಟಿಯಾಗಿ ಓದುತ್ತಾರೆ. ಕಣ್ಣಿನ ಪೊರೆಯಿಂದ ಓದಲಾಗದವರಿಗೆ ಅದು ದೊಡ್ಡ ಉಪಕಾರ. ಬೆಳೆಗಾರರ ಮನೆಯವರು ಆಕಾಶವಾಣಿ ಮಡಿಕೇರಿಯ ಖಾಯಂ ಶ್ರೋತೃ. ಎಫ್‌ಎಂ 103.1ರಲ್ಲಿ ಕೇಳಿದ್ದರಲ್ಲಿ ನಮಗೆ ಬೇಕಾದ್ದನ್ನು ಅವರು ಹೇಳುತ್ತಾರೆ.

ಸುದ್ದಿ ಮೊದಲು ಬಂದರೆ ಆಗುವ ಲಾಭ ಏನು ಅಂದರೆ, ಎಲ್ಲರೂ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಇಳಿಸಿ ಸಿನಿಮಾಕ್ಕೆ ಕೂರುತ್ತಾರೆ. ಒಂದೆರಡು ವಾರ ಸಿನಿಮಾ ಮುಗಿದ ಮೇಲೆ ಸುದ್ದಿ ಇಟ್ಟುಕೊಂಡು ನೋಡಿದೆವು. ಕತ್ತಲಾಗುತ್ತದೆ, ಮಳೆ ಬರುತ್ತದೆ ಅಂತ ಎಲ್ಲರಿಗೂ ಹೊರಡುವ ಅವಸರ. ಮಾತಾಡಬೇಕಾದವರು ಮಾತಾಡದೆ ಹೋಗುತ್ತಿದ್ದರು.

ಇನ್ನು ಉಪಕರಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಇಲ್ಲ. ಕರೆಂಟಿನ ಜೊತೆ ಮೊಬೈಲ್ ಟವರೂ ಹೋಗುತ್ತದೆ. ಅದಕ್ಕೇ ನೆಟ್ ಇರುವಾಗಲೇ ವಾರದ ಸಿನಿಮಾವನ್ನು ಆ್ಯಪಿನಲ್ಲಿ ಇಳಿಸಿಟ್ಟುಕೊಳ್ಳುತ್ತೇವೆ. ಹಳೆಯ ಸಿನಿಮಾಗಳ ಹಕ್ಕಿರುವ ಕಂಪನಿಗಳೇ ಯೂಟ್ಯೂಬಿನಲ್ಲಿ ಪೂರ್ತಿ ಸಿನಿಮಾ ಹಾಕಿರುವುದುಂಟು. ಕಂಡಕ್ಟರಣ್ಣನ ಹತ್ತಿರ ಒಂದು ಪೆಟ್ಟಿಗೆ ತುಂಬ ವಿಸಿಡಿಗಳೂ ಇವೆ. ಫೋನಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿದರೆ ಆಯಿತು. ಇನ್ವರ್ಟರಿಗೆ 150 ಎಎಚ್ ಬ್ಯಾಟರಿ ಇದ್ದರೆ ಒಂದು ಟಿವಿ, ಒಂದು ಬಲ್ಬಿಗೆ ಮೂರು ಗಂಟೆ ಧಾರಾಳ ಸಾಕು. ಒಂದು ಮಾತು ಮಾತ್ರ ನೆನಪಿಡಿ. ಹಳೆಯ ಸಿನಿಮಾದ ಚಿತ್ರ ಹೆಚ್ಚುಕಡಿಮೆ ಚೌಕ. ಈಗಿನ ಟಿವಿ ಅದನ್ನು ಎರಡೂ ಕಡೆ ಎಳೆದು ಅಗಲ ಮಾಡುತ್ತದೆ. ಕಲ್ಪನಾ ಮುಖ ಊದಿಕೊಂಡ ಹಾಗೆ ಕಾಣುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆಯನ್ನು 4:3 ಮಾಡಿ. ಬದಿಯಲ್ಲಿ ಕಪ್ಪು ಪಟ್ಟಿ ಬರಲಿ, ಪರವಾಗಿಲ್ಲ.

ನಿಜವಾದ ಕಷ್ಟ ಇದ್ದದ್ದು ಕಿವಿಯದು. ಕಾಂಪೌಂಡರಣ್ಣನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಷೀನ್ ಹಾಕುತ್ತಾರೆ. ಅವರಿಗೋಸ್ಕರ ಸೌಂಡ್ ಜಾಸ್ತಿ ಮಾಡಿದರೆ ಉಳಿದವರಿಗೆ ತಲೆನೋವು. ಅವರಿಗೂ ಪ್ರಯೋಜನ ಇಲ್ಲ. ‘ಸದ್ದು ಕೇಳುತ್ತೆ ಅಕ್ಕ, ಮಾತು ಕೇಳಲ್ಲ’ ಅನ್ನುತ್ತಿದ್ದರು. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ಚೂಪು ಸದ್ದು. ಸ, ಶ, ತ, ಕ ಇಂಥ ಅಕ್ಷರಗಳೆಲ್ಲ ಇರುವುದು ಅಲ್ಲೇ. ಅ, ಆ, ಓ ಕೇಳಿಸುತ್ತವೆ, ನಡುವಿನ ವ್ಯಂಜನ ಕಳಚಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಓ ಇನ್ನೂ ದೊಡ್ಡದಾಗುತ್ತದೆ ಅಷ್ಟೇ. ನಾವು ಮಾಡಿದ್ದು ಇಷ್ಟು. ಟಿವಿಯ ಬಾಸ್ ಪೂರ್ತಿ ಇಳಿಸಿ ಟ್ರೆಬಲ್ ಏರಿಸಿದೆವು. ಒಂದು ಸಣ್ಣ ಸ್ಪೀಕರನ್ನು ಉದ್ದ ತಂತಿಯಲ್ಲಿ ಎಳೆದು ಅವರ ಕುರ್ಚಿಯ ಪಕ್ಕ ಇಟ್ಟೆವು. ಫ್ಯಾನ್ ನಿಲ್ಲಿಸಿದೆವು. ತಗಡಿನ ಮಾಡಿನ ಕೋಣೆಯಿಂದ ಟಿವಿಯನ್ನು ಹೆಂಚಿನ ಕೋಣೆಗೆ ಸಾಗಿಸಿದೆವು. ತಗಡಿನ ಮೇಲೆ ಕೊಡಗಿನ ಮಳೆ ಬಿದ್ದರೆ ಎದುರಿಗಿರುವವರ ಮಾತೇ ಕೇಳುವುದಿಲ್ಲ, ಸಿನಿಮಾ ಎಲ್ಲಿಂದ ಕೇಳಬೇಕು?

ಹಳೆಯ ಸಿನಿಮಾಗಳು ಇಲ್ಲಿ ನಮ್ಮ ಕೈ ಹಿಡಿದವು. ಆಗಿನ ನಟರು ನಾಟಕದ ಕಂಪನಿಗಳಿಂದ ಬಂದವರು. ಕೊನೆಯ ಬೆಂಚಿಗೂ ಕೇಳುವ ಹಾಗೆ ಅಕ್ಷರ ಬಿಡಿಸಿ ಮಾತಾಡುವುದು ಅವರಿಗೆ ರೂಢಿ. ರಾಜ್‌ಕುಮಾರ್, ಅಶ್ವತ್ಥ್, ಬಾಲಕೃಷ್ಣ ಮಾತಾಡಿದರೆ ಒಂದಕ್ಷರ ಪೋಲಾಗುವುದಿಲ್ಲ. ಕ್ಯಾಮೆರಾ ಕೂಡ ಮುಖದ ಮೇಲೆ ನಿಲ್ಲುತ್ತದೆ, ತುಟಿ ಕಾಣುತ್ತದೆ. ಈಗಿನ ಸಿನಿಮಾದಲ್ಲಿ ಮಾತಿನ ಹಿಂದೆ ಯಾವಾಗಲೂ ವಾದ್ಯ ಬಡಿಯುತ್ತಿರುತ್ತದೆ. ಮಂದ ಕಿವಿಯವರಿಗೆ ಹಳೆಯ ಸಿನಿಮಾ ಹಿಡಿಸುವುದಕ್ಕೆ ಬರೀ ನೆನಪಿನ ಆಸೆ ಕಾರಣ ಅಲ್ಲ. ಅದು ಅವರಿಗೆ ತಲುಪುತ್ತದೆ.

ಬಂಗಾರದ ಮನುಷ್ಯದಲ್ಲಿ ರಾಚೂಟಪ್ಪ ಬಂದಾಗ ನಾನು ಸಿನಿಮಾ ನಿಲ್ಲಿಸಿ ಕಾಂಪೌಂಡರಣ್ಣನಿಗೆ ಹೇಳಿದೆ, ‘ಈ ಬಾಲಣ್ಣನಿಗೂ ಕಿವಿ ಕೇಳ್ತಿರಲಿಲ್ಲ, ಗೊತ್ತಾ?’ ಅವರು ನಂಬಲಿಲ್ಲ. ಬಾಲಕೃಷ್ಣ ಅವರಿಗೆ ಚಿಕ್ಕಂದಿನಿಂದ ಕಿವಿ ಮಂದ. ಎದುರಿನವರ ತುಟಿ ನೋಡಿಕೊಂಡೇ ನೂರಾರು ಸಿನಿಮಾದಲ್ಲಿ ಮಾತಿಗೆ ಮಾತು ಕೊಟ್ಟವರು. ಒಂದು ಕ್ಷಣವೂ ತಡವರಿಸಿದ್ದು ಕಾಣುವುದಿಲ್ಲ. ಕಾಂಪೌಂಡರಣ್ಣ ‘ಮತ್ತೆ ಹಾಕಿ’ ಅಂದರು. ಅದೇ ದೃಶ್ಯ ಮತ್ತೆ ಹಾಕಿದೆ. ಈ ಸಲ ಅವರು ರಾಜ್‌ಕುಮಾರ್ ಕಡೆ ನೋಡಲೇ ಇಲ್ಲ. ಬಾಲಕೃಷ್ಣ ಅವರ ಕಣ್ಣನ್ನೇ ನೋಡುತ್ತಿದ್ದರು.

ಇದಾದ ಮೇಲೆ ಅವರ ಸರದಿ ಬಂದಾಗ ಅವರು ಕೇಳಿದ್ದು ‘ನಾಂದಿ’. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 1964ರ ಕಪ್ಪುಬಿಳುಪು ಚಿತ್ರ. ರಾಜ್‌ಕುಮಾರ್ ಮೇಷ್ಟ್ರು. ಅವರ ಎರಡನೆಯ ಹೆಂಡತಿ ಕಿವುಡಿ, ಮೂಗಿ. ಆ ಪಾತ್ರ ಮಾಡಿದ್ದು ಹರಿಣಿ. ಒಂದೂ ಮಾತಿಲ್ಲದೆ ಆಕೆ ಸಿನಿಮಾ ಎಳೆದುಕೊಂಡು ಹೋಗುತ್ತಾರೆ. ಅವತ್ತು ಮಾತ್ರ ಕಾಂಪೌಂಡರಣ್ಣನೇ ನಮಗೆ ವಿವರಿಸಿದರು. ಯಾರಾದರೂ ಬೆನ್ನ ಹಿಂದೆ ಬಂದರೆ ಹೇಗೆ ಬೆಚ್ಚಿಬೀಳುತ್ತದೆ, ನಾಲ್ಕು ಜನ ನಕ್ಕರೆ ತನ್ನ ಬಗ್ಗೆಯೇ ನಕ್ಕರೇನೋ ಅಂತ ಹೇಗೆ ಅನ್ನಿಸುತ್ತದೆ, ‘ಏನು?’ ಅಂತ ಮೂರನೇ ಸಲ ಕೇಳೋಕೆ ಎಷ್ಟು ನಾಚಿಕೆ. ಅವರ ಬಾಯಲ್ಲಿ ಅಷ್ಟು ಮಾತು ನಾವು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅದರಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ‘ಹಾಡೊಂದ ಹಾಡುವೆ’ ಬರುತ್ತದೆ. ಆ ಹಾಡು ಅವರಿಗೆ ರೇಡಿಯೋ ಕಾಲದಿಂದ ಬಾಯಿಪಾಠ. ಟಿವಿಯ ಸದ್ದು ಎಷ್ಟು ತಲುಪಿತೋ ಏನೋ, ತುಟಿ ಮಾತ್ರ ಒಂದಕ್ಷರ ತಪ್ಪದೆ ಆಡುತ್ತಿತ್ತು. ಬೆಳೆಗಾರರ ಮನೆಯವರು ಮೆಲ್ಲಗೆ ಜೊತೆ ಸೇರಿಸಿದರು. ಆಮೇಲೆ ಎಲ್ಲರೂ ಹಾಡಿದೆವು.

ಆ ದಿನದಿಂದ ಸಿನಿಮಾವನ್ನು ನಡುವೆ ನಿಲ್ಲಿಸುವುದು ನಮ್ಮ ಪದ್ಧತಿಯೇ ಆಯಿತು. ಯಾರಿಗೆ ಬೇಕಾದರೂ ‘ನಿಲ್ಸಿ’ ಅನ್ನುವ ಹಕ್ಕಿದೆ. ಸಿನಿಮಾ ಗೊತ್ತಿದ್ದವರು ಇದಕ್ಕೆ ಬೈಯಬಹುದು. ಥಿಯೇಟರಿನಲ್ಲಿ ಕೂತ ಹಾಗೆ ಒಂದೇ ಉಸಿರಿಗೆ ನೋಡಬೇಕು ಅನ್ನಬಹುದು. ಹೊಸ ಸಿನಿಮಾಕ್ಕೆ ಅದು ಸರಿ. ಈ ಸಿನಿಮಾಗಳ ಕತೆ ನಮಗೆಲ್ಲ ಗೊತ್ತು. ನಮಗೆ ಬೇಕಾಗಿರುವುದು ಆ ನಿಲ್ಲಿಸಿದ ಹೊತ್ತು. ಒಂದು ಸಿನಿಮಾ ಎರಡು ಭಾನುವಾರ ಹೋದರೂ ಹೋಗಲಿ. ಎರಡೂವರೆ ಗಂಟೆ ಒಂದೇ ಸಮ ಕೂತರೆ ಮಂಡಿಯೂ ಕೇಳುವುದಿಲ್ಲ. ಇಂಟರ್‌ವಲ್ ಬಂದಾಗ ಬೆಲ್ಲದ ಕಾಫಿ, ಹುರಿದ ಹಲಸಿನ ಬೀಜ. ಸಕ್ಕರೆ ಕಾಯಿಲೆಯವರಿಗೆ ಬರೀ ಕಪ್ಪು ಕಾಫಿ.

ಸಿನಿಮಾ ಆರಿಸುವುದು ಸರದಿ ಪ್ರಕಾರ. ಆರಿಸಿದವರು ಯಾಕೆ ಅಂತ ಹೇಳಬೇಕು. ಮೊದಲು ಎಲ್ಲಿ ನೋಡಿದ್ದು, ಯಾರ ಜೊತೆ, ಟೆಂಟಿನಲ್ಲೋ ಥಿಯೇಟರಿನಲ್ಲೋ. ಬೆಳೆಗಾರರ ಸರದಿಯಲ್ಲಿ ಒಂದು ಒಳ್ಳೆಯ ದಾರಿ ತೆರೆಯಿತು. ಅವರು ‘ನಮ್ಮ ಭಾರತೀಸುತರ ಕಾದಂಬರಿ ಸಿನಿಮಾ ಆದವು ಇವೆಯಲ್ಲ, ಎಲ್ಲ ನೋಡೋಣ’ ಅಂದರು. ಭಾರತೀಸುತ ಅಂದರೆ ಎಸ್.ಆರ್. ನಾರಾಯಣರಾವ್, ಕೊಡಗಿನವರೇ, ಮೇಷ್ಟ್ರಾಗಿದ್ದವರು. ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಬಂತು, ಪುಟ್ಟಣ್ಣ ಕಣಗಾಲ್ ನಿರ್ದೇಶನ. ‘ಬಯಲು ದಾರಿ’ 1976, ‘ಗಿರಿಕನ್ಯೆ’ 1977. ಇವೆರಡೂ ದೊರೈ-ಭಗವಾನ್ ಅವರವು. ‘ಹುಲಿಯ ಹಾಲಿನ ಮೇವು’ 1979. ಇಷ್ಟು ದೊಡ್ಡ ಸಿನಿಮಾಗಳ ಹಿಂದೆ ನಮ್ಮ ಜಿಲ್ಲೆಯ ಒಬ್ಬ ಮೇಷ್ಟ್ರ ಪೆನ್ನಿದೆ ಅನ್ನುವುದು ನಮ್ಮಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಟೀಚರಕ್ಕ ಗ್ರಂಥಾಲಯದಿಂದ ಒಂದು ಕಾದಂಬರಿ ತಂದು, ಸಿನಿಮಾ ಬಿಟ್ಟದ್ದು ಏನು, ಸೇರಿಸಿದ್ದು ಏನು ಅಂತ ಓದಿ ಹೇಳಿದರು.

ಹುಲಿಯ ಹಾಲಿನ ಮೇವಿನ ದಿನ ಸುಬೇದಾರರು ‘ನಿಲ್ಸಿ’ ಅಂದದ್ದೇ ಅಂದದ್ದು. ಚೆಂಗುಮಣಿಯಾಗಿ ರಾಜ್‌ಕುಮಾರ್ ಕೊಡವ ಉಡುಪಿನಲ್ಲಿ ಬಂದ ಕೂಡಲೇ ಎದ್ದು ಟಿವಿಯ ಹತ್ತಿರ ಹೋದರು. ಕುಪ್ಯ ಅನ್ನುವ ಉದ್ದ ಕೋಟಿನ ಮೇಲೆ ಚೇಲೆ ಅನ್ನುವ ಸೊಂಟದ ಪಟ್ಟಿ ಹೇಗೆ ಸುತ್ತಬೇಕು, ಸಣ್ಣ ಪೀಚೆಕತ್ತಿ ಮುಂದೆ ಯಾವ ಕಡೆ ಸಿಕ್ಕಿಸಬೇಕು, ಅಗಲದ ಒಡಿಕತ್ತಿ ಹಿಂದೆ ಎಲ್ಲಿ ನಿಲ್ಲಬೇಕು ಅಂತ ಬೆರಳಿಟ್ಟು ತೋರಿಸಿದರು. ಮುಂದಿನ ವಾರ ತಮ್ಮ ಮನೆಯ ಪೀಚೆಕತ್ತಿಯನ್ನೇ ಬಟ್ಟೆಯಲ್ಲಿ ಸುತ್ತಿ ತಂದರು. ಅವರ ಅಜ್ಜನದು. ಬೆಳ್ಳಿಯ ಒರೆ, ಸರಪಳಿಯ ತುದಿಯಲ್ಲಿ ಪುಟ್ಟ ಪುಟ್ಟ ಗೊಂಚಲು. ಇಷ್ಟು ವರ್ಷ ಒಂದೇ ಊರಲ್ಲಿದ್ದೂ ನಾವು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದು ಆಗಲೇ.

ಎಡಕಲ್ಲು ಗುಡ್ಡದ ಮೇಲೆ ಅಷ್ಟು ಸುಲಭವಾಗಿರಲಿಲ್ಲ. ಎಡಕಲ್ಲು ಇರುವುದು ವಯನಾಡಿನಲ್ಲಿ, ಕುಟ್ಟದ ಆಚೆ. ಗುಹೆಯ ಗೋಡೆಯಲ್ಲಿ ಹಳೆಯ ಕಾಲದ ಕೆತ್ತನೆಗಳಿವೆ. ಕಂಡಕ್ಟರಣ್ಣ ಹತ್ತಿ ಬಂದಿದ್ದಾರೆ. ಅದರ ಮಾತು ಚೆನ್ನಾಗಿಯೇ ನಡೆಯಿತು. ಆದರೆ ಕತೆ? ಮಿಲಿಟರಿಯ ಗಂಡ, ಅವನಿಂದ ದಾಂಪತ್ಯ ಸುಖ ಸಿಗದ ಹೆಂಡತಿ ಮಾಧವಿ, ಆಕೆಯ ಮನಸ್ಸು ಹರಿಯುವ ಯುವಕ ನಂಜುಂಡ. ಜಯಂತಿ ಮಾಧವಿಯಾಗಿ ಮಾಡಿದ್ದನ್ನು ಆ ಕಾಲದಲ್ಲಿ ಬೇರೆ ಯಾರೂ ಮಾಡಲು ಧೈರ್ಯ ಮಾಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. 1973ರಲ್ಲಿ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಈ ಸಿನಿಮಾಕ್ಕೆ ಬಿಡಲಿಲ್ಲ. ಟೀಚರಕ್ಕನಿಗೂ ಬಿಟ್ಟಿರಲಿಲ್ಲವಂತೆ. ಈಗ ಗಂಡಸರು ಹೆಂಗಸರು ಒಟ್ಟಿಗೆ ಕೂತು ನೋಡುವುದು ಹೇಗೆ ಅಂತ ಸ್ವಲ್ಪ ಹಿಂಜರಿಕೆ ಇತ್ತು. ‘ಈ ವಯಸ್ಸಿನಲ್ಲೂ ನೋಡದಿದ್ರೆ ಇನ್ನು ಯಾವಾಗ?’ ಅಂದರು ಬೆಳೆಗಾರರ ಮನೆಯವರು. ನೋಡಿದೆವು.

ಮಾಧವಿಯದು ತಪ್ಪಾ ಅನ್ನುವ ವಾದ ಎದ್ದಿತು. ಕಂಡಕ್ಟರಣ್ಣ ತಪ್ಪು ಅಂದರು. ಟೀಚರಕ್ಕ ‘ಅವಳಿಗೆ ಏನು ಬೇಕು ಅಂತ ಆ ಮನೆಯಲ್ಲಿ ಒಬ್ಬರಾದ್ರೂ ಕೇಳಿದ್ರಾ?’ ಅಂದರು. ಸುಬೇದಾರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಗಡಿಯಿಂದ ಗಾಯಗೊಂಡು ಊರಿಗೆ ಮರಳಿದ ತಮ್ಮ ಜೊತೆಗಾರರೊಬ್ಬರ ವಿಷಯ ಹೇಳಿದರು. ಮೆಡಲ್ ಬಗ್ಗೆ ಎಲ್ಲರೂ ಕೇಳುತ್ತಿದ್ದರಂತೆ. ಆ ಗಂಡ-ಹೆಂಡತಿ ಹೇಗಿದ್ದಾರೆ ಅಂತ ಯಾರೂ ಕೇಳಲಿಲ್ಲವಂತೆ. ಅಷ್ಟೇ ಹೇಳಿದರು. ಕಂಡಕ್ಟರಣ್ಣ ಆಮೇಲೆ ವಾದ ಮುಂದುವರಿಸಲಿಲ್ಲ.

ಅದಕ್ಕಿಂತ ಭಾರವಾದದ್ದು ‘ಶರಪಂಜರ’. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ಸಿನಿಮಾ. ಕಲ್ಪನಾ ಮಾಡಿದ ಪಾತ್ರದ ಹೆಸರು ಕಾವೇರಿ. ‘ಕೊಡಗಿನ ಕಾವೇರಿ’ ಹಾಡು ಬಂದಾಗ ನಮ್ಮ ಕೋಣೆಯಲ್ಲಿ ಹಬ್ಬ. ಆ ಗುಡ್ಡ ಯಾವುದು, ಆ ತಿರುವು ಎಲ್ಲಿಯದು ಅಂತ ಗಲಾಟೆ. ಆದರೆ ಅದೇ ಕಾವೇರಿ ಬಾಣಂತಿಯಾದಾಗ ಮನಸ್ಸು ಕೆಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ವಾಸಿಯಾಗಿ ಬರುತ್ತಾಳೆ. ಮನೆಯವರಿಗೆ, ನೆರೆಯವರಿಗೆ ಮಾತ್ರ ಅವಳು ಹುಚ್ಚಿಯಾಗಿಯೇ ಉಳಿಯುತ್ತಾಳೆ. ನಮ್ಮಲ್ಲಿ ಒಬ್ಬರು ನಡುವೆ ‘ಸಾಕು, ನಿಲ್ಸಿ’ ಅಂದರು. ಅವರ ಅಕ್ಕನಿಗೆ ಹೀಗೇ ಆಗಿತ್ತು. ಆಗ ಬಾಣಂತಿ ಸನ್ನಿ ಅನ್ನುತ್ತಿದ್ದರು. ಆ ಅಕ್ಕನನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರಂತೆ. ಯಾರು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ. ಅವತ್ತು ಸಿನಿಮಾ ಮುಂದುವರಿಸಲಿಲ್ಲ. ಉಳಿದರ್ಧ ಬೇಕು ಅಂತ ಕೆಲವು ವಾರ ಬಿಟ್ಟು ಅವರೇ ಕೇಳಿದರು. ಆಗ ಪೂರ್ತಿ ನೋಡಿದೆವು.

ಹಾಗಾಗಿ ಈಗ ಒಂದು ಎಚ್ಚರ ಇಟ್ಟುಕೊಂಡಿದ್ದೇವೆ. ಸಿನಿಮಾದಲ್ಲಿ ಸಾವು, ಕಾಯಿಲೆ, ಮನೆ ಮುರಿಯುವುದು ಇದ್ದರೆ ಆರಿಸಿದವರು ಮೊದಲೇ ಹೇಳಬೇಕು. ಆ ವಾರ ಯಾರಿಗೆ ಮನಸ್ಸು ಸರಿಯಿಲ್ಲವೋ ಅವರು ಬೇಡ ಅನ್ನಬಹುದು. ಕಾರಣ ಯಾರೂ ಕೇಳುವುದಿಲ್ಲ. ಆ ವಾರಕ್ಕೆ ಬದಲಿಯಾಗಿ ಒಂದು ಹಗುರವಾದ ಸಿನಿಮಾ ಯಾವಾಗಲೂ ಫೋನಿನಲ್ಲಿ ಇಳಿಸಿಟ್ಟಿರುತ್ತೇನೆ.

ಬೇಸಿಗೆಯಲ್ಲಿ ಇದು ಸ್ವಲ್ಪ ಸಡಿಲ. ಡಿಸೆಂಬರಿನಿಂದ ಕಾಫಿ ಕೊಯ್ಲು, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು, ನಡುವೆ ಮದುವೆ, ಹಬ್ಬ. ಬೆಳೆಗಾರರ ಮನೆಯವರು ಬರುವುದೇ ಕಷ್ಟ. ಆದರೆ ಬೆಳಗಿನ ಸುದ್ದಿ ಒಂದು ದಿನವೂ ತಪ್ಪಬಾರದು ಅಂತ ಪಟ್ಟು ಹಿಡಿದಿದ್ದೇವೆ. ಬೆರಳು ನಡುಗಿ ಟೈಪ್ ಮಾಡಲಾಗದವರು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಕಾಂಪೌಂಡರಣ್ಣನಿಗೆ ಧ್ವನಿ ಕಳಿಸಿದರೆ ಕೇಳುವುದಿಲ್ಲವಲ್ಲ, ಅದನ್ನು ಟೀಚರಕ್ಕ ಬರೆದು ಹಾಕುತ್ತಾರೆ. ನೆಟ್ ಪೂರ್ತಿ ಹೋದ ದಿನ ಒಬ್ಬರು ಇನ್ನೊಬ್ಬರ ಮನೆಗೆ ಆಳಿನ ಕೈಯಲ್ಲಿ ಚೀಟಿ ಕಳಿಸಿದ್ದೂ ಇದೆ. ಅಂಚೆಯವಳಾದ ನನಗೆ ಆ ಚೀಟಿಗಳ ಮೇಲೆ ತುಂಬ ಪ್ರೀತಿ. ಒಂದನ್ನೂ ಬಿಸಾಡಿಲ್ಲ.

ಈ ಸಲದ ಕಕ್ಕಡಕ್ಕೆ, ಅಂದರೆ ಕೊಡವರ ಜೋರು ಮಳೆಯ ತಿಂಗಳಿಗೆ, ಪಟ್ಟಿ ತಯಾರಾಗಿದೆ. ಸುಬೇದಾರರು ‘ಮುತ್ತಿನ ಹಾರ’ ಕೇಳಿದ್ದಾರೆ. 1990ರದು, ನಮ್ಮ ಲೆಕ್ಕದಲ್ಲಿ ಹೊಸದು. ಆದರೆ ವಿಷ್ಣುವರ್ಧನ್ ಕೊಡಗಿನ ಯೋಧನಾಗಿ ಬರುವ ಸಿನಿಮಾ ಬೇಡ ಅನ್ನೋಕಾಗುತ್ತಾ? ಟೀಚರಕ್ಕನದು ‘ಗೆಜ್ಜೆ ಪೂಜೆ’. ಕಂಡಕ್ಟರಣ್ಣ ‘ಕಸ್ತೂರಿ ನಿವಾಸ’ ಹೇಳಿ, ಬಣ್ಣ ಹಾಕಿ 2014ರಲ್ಲಿ ಬಿಡುಗಡೆ ಮಾಡಿದ್ದು ಬೇಡ, ಮೊದಲಿನ ಕಪ್ಪುಬಿಳುಪೇ ಬೇಕು ಅಂತ ಷರತ್ತು ಹಾಕಿದ್ದಾರೆ. ಕಾಂಪೌಂಡರಣ್ಣ ಇನ್ನೂ ಹೇಳಿಲ್ಲ. ಶುಕ್ರವಾರದೊಳಗೆ ಹೇಳಿದರೆ ನೆಟ್ ಇರುವಾಗಲೇ ಇಳಿಸಬಹುದು ಅಂತ ಅವರಿಗೆ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದ್ದೇನೆ.